ಕಿಲ್ಮೇನಮ್: ಒಂದು ಹಳೆಯ ಜಿಲ್ಲಾ ಸೆರೆಮನೆಯ ಕತೆ

ಒಂದು ನಾಡಿನ ಚರಿತ್ರೆಯನ್ನು ಅರಿಯಬೇಕಾದರೆ ಅಲ್ಲಿನ ಅರಮನೆಗಳನ್ನು ನೋಡಬೇಕೆಂದು ಕೆಲವರು ಹೇಳುತ್ತಾರೆ. ದೇವಾಲಯಗಳನ್ನು ನೋಡಬೇಕೆಂದು ಮತ್ತೆ ಕೆಲವರು. ಸೆರೆಮನೆಯನ್ನು ನೋಡಿ ಬನ್ನಿರೆಂದು ಹೇಳುವವರು ವಿರಳ. ಸೆರೆಮನೆಯೆಂಬ ಮಾತೇ ಗೃಹಸ್ಥರ ಕಿವಿಗೆ ಅಶುಭ. ಆದರೂ ಅರಮನೆಯ ಗೋಡೆಗಳು ಹೇಳದ ಎಷ್ಟೋ ಸಂಗತಿಗಳನ್ನು ಸೆರೆಮನೆಯ ಗೋಡೆಗಳು ಹೇಳಬಲ್ಲವು. ಆಳುವವರು ಯಾರಿಗೆ ಹೆದರುತ್ತಿದ್ದರು, ಬಡವರು ಏನನ್ನು ಕದಿಯುತ್ತಿದ್ದರು, ಹೊಟ್ಟೆಗಿಲ್ಲದ ತಾಯಿ ಮಗುವನ್ನೆತ್ತಿಕೊಂಡು ಎಲ್ಲಿಗೆ ಹೋಗುತ್ತಿದ್ದಳು ಎಂಬುದಕ್ಕೆಲ್ಲ ಅಲ್ಲಿ ಸಾಕ್ಷಿ ಉಳಿದಿರುತ್ತದೆ.

ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದ ಪಶ್ಚಿಮಕ್ಕೆ ಕಿಲ್ಮೇನಮ್ ಎಂಬ ಸ್ಥಳದಲ್ಲಿ ಅಂತಹ ಒಂದು ಕಟ್ಟಡ ಇದೆ. ಅಲ್ಲಿ ಕೌಂಟಿಯೆಂದರೆ ನಮ್ಮ ಜಿಲ್ಲೆಯಿದ್ದಂತೆ. ಡಬ್ಲಿನ್ ಕೌಂಟಿಯ ಸೆರೆಮನೆಯಾಗಿ 1796ರಲ್ಲಿ ಬಾಗಿಲು ತೆರೆದ ಈ ಕಟ್ಟಡ 1924ರಲ್ಲಿ ಕೊನೆಯ ಕೈದಿಯನ್ನು ಹೊರಗೆ ಕಳುಹಿಸಿತು. ಈ 128 ವರ್ಷಗಳಲ್ಲಿ ಅದರ ಕಬ್ಬಿಣದ ಬಾಗಿಲನ್ನು ದಾಟಿ ಒಳಹೋದವರಲ್ಲಿ ರೊಟ್ಟಿ ಕದ್ದ ಬಾಲಕರಿದ್ದರು, ಸಾಲಗಾರರಿದ್ದರು, ಕವಿಗಳಿದ್ದರು, ಶಾಲಾ ಉಪಾಧ್ಯಾಯರಿದ್ದರು. ಮುಂದೆ ಅದೇ ದೇಶದ ಅಧ್ಯಕ್ಷರಾದವರೂ ಇದ್ದರು. ಬ್ರಿಟಿಷರ ಆಳ್ವಿಕೆಯನ್ನು ನಮ್ಮಂತೆಯೇ ಅನುಭವಿಸಿದ, ತಾಯ್ನುಡಿಗಾಗಿ ನಮ್ಮಂತೆಯೇ ಮಿಡಿದ ಆ ನಾಡಿನ ಸೆರೆಮನೆಯ ಕತೆ ಗಡಿನಾಡಿನ ಕನ್ನಡಿಗರಾದ ನಮಗೆ ತೀರ ದೂರದ್ದೆಂದು ತೋರುವುದಿಲ್ಲ.

ಗಲ್ಲುಗುಡ್ಡದ ಮೇಲೆ

ಹದಿನೆಂಟನೆಯ ಶತಮಾನದ ಸೆರೆಮನೆಗಳು ನರಕಕ್ಕೆ ಸಮಾನವಾಗಿದ್ದವು. ಗಂಡಸರು, ಹೆಂಗಸರು, ಮಕ್ಕಳು, ಸಾಲ ತೀರಿಸಲಾಗದವರು, ಕೊಲೆಗಡುಕರು ಎಲ್ಲರನ್ನೂ ಒಂದೇ ಕತ್ತಲ ಕೋಣೆಯಲ್ಲಿ ಕೂಡಿಹಾಕುವುದು ವಾಡಿಕೆ. ಕಾವಲುಗಾರನ ಕೈ ಬೆಚ್ಚಗೆ ಮಾಡಿದವನಿಗೆ ಊಟ, ಹಾಸಿಗೆ. ಕಾಸಿಲ್ಲದವನಿಗೆ ನೆಲವೇ ಗತಿ. ನೇಣುಗಂಬಕ್ಕಿಂತಲೂ ಹೆಚ್ಚು ಜನರನ್ನು ಸೆರೆಮನೆಯ ಜ್ವರವೇ ಬಲಿ ತೆಗೆದುಕೊಳ್ಳುತ್ತಿತ್ತು. ಜಾನ್ ಹೋವಾರ್ಡ್ ಎಂಬ ಆಂಗ್ಲ ಸುಧಾರಕ ಊರೂರು ತಿರುಗಿ, ಸೆರೆಮನೆಗಳನ್ನು ಕಣ್ಣಾರೆ ಕಂಡು, 1777ರಲ್ಲಿ ಅವುಗಳ ದುಃಸ್ಥಿತಿಯನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಕೈದಿಗೊಂದು ಪ್ರತ್ಯೇಕ ಕೋಣೆ, ಶುದ್ಧವಾದ ಗಾಳಿ, ಶುಚಿತ್ವ, ಮಾಡಲೊಂದು ಕೆಲಸ: ಇವಿಷ್ಟಿದ್ದರೆ ಮನುಷ್ಯ ತಿದ್ದಿಕೊಂಡಾನು ಎಂಬುದು ಆತನ ನಂಬಿಕೆ.

ಈ ಹೊಸ ವಿಚಾರದ ಗಾಳಿ ಬೀಸುತ್ತಿದ್ದಾಗಲೇ ಕಿಲ್ಮೇನಮ್ಮಿನ ಹೊಸ ಸೆರೆಮನೆ ಎದ್ದಿತು. ಸಮೀಪದಲ್ಲಿದ್ದ ಹಳೆಯ ಸೆರೆಮನೆಯ ನೆಲಮಾಳಿಗೆಗಳನ್ನು ಬಿಟ್ಟು ಎತ್ತರದ ಒಂದು ಜಾಗವನ್ನು ಅದಕ್ಕೆ ಆರಿಸಿದರು. ಜನ ಆ ದಿಬ್ಬವನ್ನು ‘ಗಲ್ಲುಗುಡ್ಡ’ ಎಂದೇ ಕರೆಯುತ್ತಿದ್ದರು. ಬೂದು ಬಣ್ಣದ ಕಲ್ಲಿನ ದಪ್ಪ ಗೋಡೆಗಳು. ಮುಂಬಾಗಿಲಿನ ಮೇಲೆ ಸರಪಳಿಯಿಂದ ಬಿಗಿದ ಸರ್ಪಗಳ ಕೆತ್ತನೆ. ಕೇಡನ್ನು ಕಟ್ಟಿಹಾಕುವ ಮನೆ ಇದೆಂದು ಅಕ್ಷರ ಬಾರದವನಿಗೂ ತಿಳಿಯಬೇಕೆಂಬುದು ಅದರ ಉದ್ದೇಶವಾಗಿದ್ದಿರಬೇಕು.

ಆದರೆ ಕಾಗದದ ಮೇಲಿನ ದಯೆ ಕಲ್ಲಿಗಿಳಿಯುವಾಗ ಬೇರೆಯೇ ಆಯಿತು. ಗಾಳಿಯಾಡಲೆಂದು ಕಿಟಕಿಗಳಿಗೆ ಗಾಜು ಹಾಕಿಸಲಿಲ್ಲ. ಐರ್ಲೆಂಡಿನ ಚಳಿಯೂ ಮಳೆಯೂ ನೇರವಾಗಿ ಕೋಣೆಯೊಳಕ್ಕೆ ನುಗ್ಗುತ್ತಿದ್ದವು. ಬೆಳಕಿಗೂ ಬೆಚ್ಚನೆಗೂ ಒಂದೇ ಮೇಣದಬತ್ತಿ. ಅದನ್ನೇ ಎರಡು ವಾರ ಕಾಪಾಡಿಕೊಳ್ಳಬೇಕು. ಒಬ್ಬನಿಗೆಂದು ಕಟ್ಟಿದ ಕೋಣೆಯಲ್ಲಿ ನಾಲ್ವರೈವರನ್ನು ತುಂಬಿದ್ದೂ ಉಂಟು. ಮರಣದಂಡನೆಯನ್ನು ಕಟ್ಟಡದ ಮುಂದುಗಡೆಯಲ್ಲಿಯೇ ಜಾತ್ರೆಯಂತೆ ನೆರೆದ ಜನರ ಎದುರಿನಲ್ಲಿ ನೆರವೇರಿಸುತ್ತಿದ್ದರು. ಬಹಿರಂಗವಾಗಿ ನೇಣುಹಾಕುವ ಈ ಪದ್ಧತಿಗೆ 1868ರ ಕಾಯಿದೆಯಿಂದ ಕೊನೆಯಾಯಿತು.

ಬಾಯಿ ಬಿಡದ ಹೆಣ್ಣುಮಗಳು

ಸೆರೆಮನೆ ತೆರೆದ ವರ್ಷವೇ ರಾಜಕೀಯ ಕೈದಿಗಳೂ ಬಂದರು. ಪ್ರಾಟೆಸ್ಟೆಂಟರನ್ನೂ ಕ್ಯಾಥೊಲಿಕರನ್ನೂ ಒಂದುಗೂಡಿಸಿ ಸ್ವತಂತ್ರ ಗಣರಾಜ್ಯವನ್ನು ಕಟ್ಟಬೇಕೆಂದು ಹೊರಟ ‘ಸಂಯುಕ್ತ ಐರಿಷರು’ ಎಂಬ ಸಂಘದ ಹೆನ್ರಿ ಜಾಯ್ ಮೆಕ್ರಾಕನ್ 1796ರಲ್ಲಿಯೇ ಇಲ್ಲಿ ಸೆರೆಯಾಗಿದ್ದನು. ಬಿಡುಗಡೆ ಹೊಂದಿ 1798ರ ದಂಗೆಯಲ್ಲಿ ಮುಂದಾಳಾದ ಆತನನ್ನು ಬೆಲ್ಫಾಸ್ಟಿನಲ್ಲಿ ಗಲ್ಲಿಗೇರಿಸಿದರು.

1803ರಲ್ಲಿ ರಾಬರ್ಟ್ ಎಮೆಟ್ ಎಂಬ ತರುಣ ಮತ್ತೊಮ್ಮೆ ದಂಗೆಯೆದ್ದು ಸೋತನು. ಆತನನ್ನು ಇದೇ ಸೆರೆಮನೆಯಿಂದ ಕರೆದೊಯ್ದು, ಸೆಪ್ಟೆಂಬರ್ 20ರಂದು ನಗರದ ಬೀದಿಯಲ್ಲಿ ನೇಣುಹಾಕಿ ತಲೆ ಕಡಿದರು. ಎಮೆಟ್‌ನ ಹೆಸರು ಐರ್ಲೆಂಡಿನ ಮನೆಮಾತಾಯಿತು. ಆತನಿದ್ದ ಮನೆಯ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ಆ್ಯನ್ ಡೆವ್ಲಿನ್ ಎಂಬ ಹೆಣ್ಣುಮಗಳ ಹೆಸರನ್ನು ಬಹುಕಾಲ ಬಲ್ಲವರು ಕಡಿಮೆ. ಸಂಗಡಿಗರ ಹೆಸರು ಹೇಳೆಂದು ಸೈನಿಕರು ಆಕೆಯ ಕೊರಳಿಗೆ ಹಗ್ಗ ಬಿಗಿದು ಅರೆಜೀವವಾಗುವಂತೆ ತೂಗಿದರು. ಹೆದರದವಳಿಗೆ ಹಣದ ಆಸೆ ತೋರಿಸಿದರು. 500 ಪೌಂಡು, ಅಂದಿಗೆ ಅದು ದೊಡ್ಡ ಐಶ್ವರ್ಯ. ಆಕೆ ಬಾಯಿ ಬಿಡಲಿಲ್ಲ. ಮನೆಮಂದಿಯನ್ನೆಲ್ಲ ಹಿಡಿದು ತಂದರು, ಆಗಲೂ ಬಿಡಲಿಲ್ಲ. ಕಿಲ್ಮೇನಮ್ಮಿನ ತೇವದ ಕೋಣೆಯಲ್ಲಿ ಮೈಯ ಆರೋಗ್ಯವನ್ನೆಲ್ಲ ಕಳೆದುಕೊಂಡು 1806ರಲ್ಲಿ ಹೊರಬಂದ ಆಕೆ ಅನಂತರ ಬಡತನದಲ್ಲಿಯೇ ಬಾಳಿ 1851ರಲ್ಲಿ ಡಬ್ಲಿನ್ನಿನಲ್ಲಿ ತೀರಿಕೊಂಡಳು. ವೀರರ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಇಂತಹವರಿಗೆ ಒಂದು ಪುಟ ಮೀಸಲಿಡುವುದನ್ನು ನಾವು ಉಪಾಧ್ಯಾಯರು ಮರೆಯಬಾರದು.

ಬಟಾಟೆ ಕೊಳೆತ ವರ್ಷಗಳು

ಕಿಲ್ಮೇನಮ್ಮಿನ ಚರಿತ್ರೆಯಲ್ಲಿ ಅತ್ಯಂತ ಕರುಣಾಜನಕವಾದ ಅಧ್ಯಾಯದಲ್ಲಿ ಕ್ರಾಂತಿಕಾರಿಗಳೇ ಇಲ್ಲ. 1845ರಿಂದ ಮೊದಲ್ಗೊಂಡು ಕೆಲವು ವರ್ಷ ಐರ್ಲೆಂಡಿನ ಬಟಾಟೆ ಬೆಳೆಗೆ ಕೊಳೆರೋಗ ತಗಲಿತು. ಗದ್ದೆಯ ಗೋಧಿಯನ್ನು ಗೇಣಿಗೆ ತೆತ್ತು, ತಾನು ಬಟಾಟೆಯನ್ನೇ ತಿಂದು ಬದುಕುತ್ತಿದ್ದ ಒಕ್ಕಲಿಗೆ ಬೇರೆ ಆಹಾರವಿರಲಿಲ್ಲ. 1841ರಲ್ಲಿ 80 ಲಕ್ಷಕ್ಕೂ ಮೇಲ್ಪಟ್ಟು ಜನರಿದ್ದ ಆ ದೇಶದಲ್ಲಿ ಸುಮಾರು 10 ಲಕ್ಷ ಜನ ಹಸಿವೆಯಿಂದಲೂ ರೋಗಗಳಿಂದಲೂ ಸತ್ತರು. ಮತ್ತೆ 10 ಲಕ್ಷದಷ್ಟು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಅದೇ ವರ್ಷಗಳಲ್ಲಿ ಬಂದರುಗಳಿಂದ ಇಂಗ್ಲೆಂಡಿಗೆ ಧಾನ್ಯದ ಹಡಗುಗಳು ಹೋಗುತ್ತಲೇ ಇದ್ದವು.

ಹಸಿದವರು ಪಟ್ಟಣಕ್ಕೆ ಬಂದರು, ಬೇಡಿದರು. 1847ರಲ್ಲಿ ಬಂದ ಕಾಯಿದೆಯೊಂದು ಬೇಡುವುದನ್ನೇ ಅಪರಾಧವನ್ನಾಗಿಸಿತು. ಬೇಡಿದವರೂ, ರೊಟ್ಟಿ ಕದ್ದವರೂ, ಗದ್ದೆಯಿಂದ ಗೆಡ್ಡೆ ಕಿತ್ತವರೂ ಸೆರೆಮನೆಗೆ ಬಂದರು. ಇನ್ನೂರು ಮಂದಿಗೂ ಸರಿಯಾಗಿ ಸಾಲದ ಆ ಕಟ್ಟಡಕ್ಕೆ 1850ನೆಯ ಒಂದೇ ವರ್ಷದಲ್ಲಿ 9 ಸಾವಿರಕ್ಕೂ ಹೆಚ್ಚು ಜನರನ್ನು ತಂದುಹಾಕಿದರು. ಹಾದಿಮನೆಗಳಲ್ಲಿ ಹುಲ್ಲು ಹಾಸಿ ಮಲಗಿಸಿದರು. ಸೆರೆಮನೆಯಲ್ಲಿ ಎರಡು ಹೊತ್ತಿನ ಗಂಜಿಯಾದರೂ ಉಂಟೆಂದು ತಿಳಿದು, ಬೇಕೆಂದೇ ಸಣ್ಣಪುಟ್ಟ ತಪ್ಪು ಮಾಡಿ ಒಳಗೆ ಬಂದವರು ಇದ್ದರು. ಜನ ಸೆರೆಮನೆಯಿಂದ ತಪ್ಪಿಸಿಕೊಂಡು ಓಡುವುದನ್ನು ಕೇಳಿದ್ದೇವೆ. ಸೆರೆಮನೆಗೇ ಓಡಿಬರುವಂತಾದ ಕಾಲ ಎಂತಹದೆಂದು ಓದುಗರೇ ಊಹಿಸಬೇಕು.

ಮಕ್ಕಳೂ ಬಂದರು. ಯಾವ ತಪ್ಪಿಗಾಗಿ ಯಾರನ್ನು ಹಿಡಿದು ತಂದರೆಂಬುದನ್ನು ಸೆರೆಮನೆಯ ಗುಮಾಸ್ತರು ಕಡತಗಳಲ್ಲಿ ಸಾಲು ಸಾಲಾಗಿ ಬರೆದಿಟ್ಟರು. ಹೆಸರು, ವಯಸ್ಸು, ಎತ್ತರ, ಕೂದಲಿನ ಬಣ್ಣ, ಅಪರಾಧ, ಶಿಕ್ಷೆ. ಎಷ್ಟೋ ಬಡವರು ಈ ಲೋಕದಲ್ಲಿ ಬಾಳಿದ್ದರೆಂಬುದಕ್ಕೆ ಆ ಒಂದು ಸಾಲೇ ಉಳಿದಿರುವ ಗುರುತು. ಇಲ್ಲಿಂದ ಸಾವಿರಾರು ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಅವರಲ್ಲಿ ಹೆಚ್ಚಿನವರು ಊರಿಗೆ ಮರಳಲಿಲ್ಲ.

ಮೇಲಿನಿಂದ ಬೀಳುವ ಬೆಳಕು

ಇಂದು ಕಿಲ್ಮೇನಮ್ಮಿನ ಚಿತ್ರವೆಂದು ಪುಸ್ತಕಗಳಲ್ಲಿ ಕಾಣುವುದು ಹೆಚ್ಚಾಗಿ ಅದರ ಪೂರ್ವ ಭಾಗ. ಹಳೆಯ ಕಟ್ಟಡದ ಇಕ್ಕಟ್ಟನ್ನು ಕಂಡ ಅಧಿಕಾರಿಗಳು ವಾಸ್ತುಶಿಲ್ಪಿ ಜಾನ್ ಮೆಕರ್ಡಿಯಿಂದ ಇದರ ನಕ್ಷೆ ತಯಾರಿಸಿದರು. 1860ರ ದಶಕದ ಆರಂಭದಲ್ಲಿ ಇದು ಬಳಕೆಗೆ ಬಂದಿತು. ಕುದುರೆಯ ಲಾಳದಂತೆ ಬಾಗಿದ ದೊಡ್ಡ ಪಡಸಾಲೆ, ಅದರ ಸುತ್ತ ಮೂರು ಅಂತಸ್ತುಗಳಲ್ಲಿ 96 ಕೋಣೆಗಳು, ನಡುವೆ ಕಬ್ಬಿಣದ ಮೆಟ್ಟಿಲು, ಮೇಲೆ ಗಾಜಿನ ಛಾವಣಿ. ನಡುವೆ ನಿಂತ ಒಬ್ಬ ಕಾವಲುಗಾರ ಅಷ್ಟೂ ಬಾಗಿಲುಗಳನ್ನು ನೋಡಬಹುದು. ಪ್ರತಿಯೊಂದು ಬಾಗಿಲಿಗೂ ಇಣುಕುವ ಒಂದು ಕಿಂಡಿ. ಕಾವಲುಗಾರರು ನಡೆಯುವ ಸದ್ದು ಕೇಳಿಸದಂತೆ ಹಾದಿಗೆ ಹಾಸು ಹಾಕಿದ್ದರು. ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೋ ಇಲ್ಲವೋ ಎಂಬುದು ಕೈದಿಗೆ ಎಂದೂ ತಿಳಿಯಬಾರದು. ಮಾತು ನಿಷಿದ್ಧ. ಮೌನದಲ್ಲಿ ಪಶ್ಚಾತ್ತಾಪ ಹುಟ್ಟುವುದು, ಮೇಲಿನಿಂದ ಬೀಳುವ ಬೆಳಕು ಮನಸ್ಸನ್ನು ದೇವರ ಕಡೆಗೆ ತಿರುಗಿಸುವುದು ಎಂಬುದು ಆ ಕಾಲದ ಆಶಯವಾಗಿತ್ತು.

ಕಟ್ಟಡವಾಗಿ ನೋಡಿದರೆ ಅದು ಸುಂದರವೇ ಸರಿ. ಆ ಸೌಂದರ್ಯದ ಹಿಂದಿರುವ ಉಸಿರುಕಟ್ಟುವ ಏಕಾಂತವನ್ನು ನೆನೆದರೆ ಮಾತ್ರ ಮನಸ್ಸು ಮುದುಡುತ್ತದೆ.

ಗೇಣಿದಾರರ ನಾಯಕ

1881ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದ ಕೈದಿ ಸಾಮಾನ್ಯನಲ್ಲ. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನೂ ಐರಿಷ್ ಪಕ್ಷದ ನಾಯಕನೂ ಆದ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್. ಮಿತಿಮೀರಿದ ಗೇಣಿಯ ವಿರುದ್ಧ, ಒಕ್ಕಲೆಬ್ಬಿಸುವುದರ ವಿರುದ್ಧ ಹೋರಾಡುತ್ತಿದ್ದ ಭೂಸಂಘಕ್ಕೆ ಆತನೇ ಅಧ್ಯಕ್ಷ. ಒಕ್ಕಲೆಬ್ಬಿಸುವವರೊಡನೆ ಮಾತು, ವ್ಯವಹಾರ, ನೆರವು ಯಾವುದೂ ಬೇಡವೆಂದು ಆತ ರೈತರಿಗೆ ಬೋಧಿಸಿದ್ದನು. 1880ರಲ್ಲಿ ಮೇಯೊ ಕೌಂಟಿಯ ರೈತರು ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನು ಮೇಲ್ವಿಚಾರಕನ ಮೇಲೆ ಇದನ್ನು ಪ್ರಯೋಗಿಸಿದರು. ಆತನ ಹೊಲ ಕೊಯ್ಯಲು ಆಳಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಅಂಚೆ ತರುವವನೂ ಇಲ್ಲ. ಬಹಿಷ್ಕಾರಕ್ಕೆ ಇಂಗ್ಲಿಷಿನಲ್ಲಿ ಇರುವ ‘ಬಾಯ್ಕಾಟ್’ ಎಂಬ ಮಾತು ಆತನ ಹೆಸರಿನಿಂದಲೇ ಬಂದುದು. ನಮ್ಮ ಸ್ವದೇಶಿ ಚಳವಳಿಯಲ್ಲಿ ವಿದೇಶೀ ವಸ್ತ್ರಗಳಿಗೆ ಬೆನ್ನು ತಿರುಗಿಸಿದಾಗ ನಮ್ಮ ಹಿರಿಯರೂ ಇದೇ ಮಾತನ್ನು ಬಳಸಿದರು.

ಪಾರ್ನೆಲ್ ಸೆರೆಮನೆಯಿಂದಲೇ ಗೇಣಿ ಕೊಡಬೇಡಿರೆಂದು ಕರೆ ಕೊಟ್ಟನು. ಸರಕಾರ ಕೊನೆಗೆ ಕೈದಿಯೊಡನೆಯೇ ಒಪ್ಪಂದಕ್ಕೆ ಬರಬೇಕಾಯಿತು. 1882ರ ಮೇ 2ರಂದು ಆತನ ಬಿಡುಗಡೆಯಾಯಿತು. ಅದಕ್ಕೆ ‘ಕಿಲ್ಮೇನಮ್ ಒಪ್ಪಂದ’ ಎಂದೇ ಹೆಸರು. ನಾಲ್ಕೇ ದಿನಗಳಲ್ಲಿ ‘ಅಜೇಯರು’ ಎಂಬ ಗುಪ್ತ ಗುಂಪು ಇಬ್ಬರು ಉನ್ನತ ಅಧಿಕಾರಿಗಳನ್ನು ಡಬ್ಲಿನ್ನಿನ ಫೀನಿಕ್ಸ್ ಉದ್ಯಾನದಲ್ಲಿ ಇರಿದು ಕೊಂದಿತು. ಆ ಗುಂಪಿನ ಐವರನ್ನು 1883ರಲ್ಲಿ ಇದೇ ಸೆರೆಮನೆಯ ಅಂಗಳದಲ್ಲಿ ಗಲ್ಲಿಗೇರಿಸಿದರು.

ಮೇ ತಿಂಗಳ ಹತ್ತು ದಿನಗಳು

1910ರಲ್ಲಿ ಸಾಮಾನ್ಯ ಕೈದಿಗಳ ಸೆರೆಮನೆಯಾಗಿ ಇದರ ಬಾಳು ಮುಗಿದಿತ್ತು. ಅನಂತರ ಸೈನ್ಯದವರು ಇದನ್ನು ಬಳಸುತ್ತಿದ್ದರು. 1916ರ ಏಪ್ರಿಲ್ 24ರಂದು, ಈಸ್ಟರ್ ಹಬ್ಬದ ಸೋಮವಾರ, ಪ್ಯಾಟ್ರಿಕ್ ಪಿಯರ್ಸ್ ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯ ಮುಂದೆ ನಿಂತು ಐರಿಷ್ ಗಣರಾಜ್ಯದ ಘೋಷಣೆಯನ್ನು ಓದಿದನು. ಆರು ದಿನಗಳಲ್ಲಿ ಬಂಡಾಯ ಅಡಗಿತು. ಶರಣಾದವರನ್ನು ಸಾಲಾಗಿ ನಡೆಸಿಕೊಂಡು ಹೋಗುವಾಗ, ನಗರ ಹಾಳಾದುದನ್ನು ಕಂಡು ಕೆರಳಿದ್ದ ಡಬ್ಲಿನ್ನಿನ ಜನರೇ ಅವರನ್ನು ಹೀಯಾಳಿಸಿದರು.

ಈ ಪಿಯರ್ಸ್ ಯಾರು? ಆತನೊಬ್ಬ ಶಾಲಾ ಮುಖ್ಯೋಪಾಧ್ಯಾಯ. ಐರಿಷ್ ನುಡಿ ಕಣ್ಮುಂದೆಯೇ ಬತ್ತಿಹೋಗುತ್ತಿರುವುದನ್ನು ಕಂಡು ನೊಂದು, ಎರಡು ಭಾಷೆಗಳಲ್ಲಿ ಪಾಠ ಹೇಳುವ ಕ್ರಮವನ್ನು ಅರಿಯಲು 1905ರಲ್ಲಿ ಬೆಲ್ಜಿಯಂ ದೇಶದ ಶಾಲೆಗಳನ್ನು ನೋಡಿ ಬಂದು, 1908ರಲ್ಲಿ ‘ಸೇಂಟ್ ಎಂಡಾ’ ಎಂಬ ಶಾಲೆಯನ್ನು ತೆರೆದವನು. ಅಂದಿನ ಆಂಗ್ಲ ವಿದ್ಯಾಪದ್ಧತಿಯನ್ನು ಆತ ‘ಕೊಲೆಯ ಯಂತ್ರ’ ಎಂದು ಕರೆದನು. ಮಗುವಿನ ತಾಯ್ನುಡಿಯನ್ನೂ ಸ್ವಭಾವವನ್ನೂ ಅದು ಕೊಲ್ಲುತ್ತದೆಂಬುದು ಆತನ ದೂರು. ಆತನ ಶಾಲೆಯ ಸಹಾಯಾರ್ಥವಾಗಿ 1913ರ ಮೇ ತಿಂಗಳಲ್ಲಿ ಡಬ್ಲಿನ್ನಿನ ಆ್ಯಬಿ ರಂಗಮಂದಿರದಲ್ಲಿ ಆಡಿದ ನಾಟಕಗಳಲ್ಲಿ ಒಂದು ನಮ್ಮ ರವೀಂದ್ರನಾಥ ಠಾಕೂರರ ‘ಅಂಚೆಮನೆ’. ತಾಯ್ನುಡಿಯ ಶಾಲೆಯೊಂದನ್ನು ಗಡಿಯಾಚೆ ಉಳಿಸಿಕೊಳ್ಳುವುದರ ಕಷ್ಟವನ್ನು ಬಲ್ಲ ನಮಗೆ ಈ ಸಂಗತಿ ತೀರ ಹತ್ತಿರದ್ದಾಗಿ ತೋರುತ್ತದೆ.

ಸೈನಿಕ ನ್ಯಾಯಾಲಯ ಸುಮಾರು ತೊಂಬತ್ತು ಮಂದಿಗೆ ಮರಣದಂಡನೆ ವಿಧಿಸಿತು. ಕಿಲ್ಮೇನಮ್ಮಿನ ಒಂದು ಪಾರ್ಶ್ವದಲ್ಲಿ, ಹಿಂದೆ ಕಠಿಣ ಶಿಕ್ಷೆಯ ಕೈದಿಗಳು ಜಲ್ಲಿ ಒಡೆಯುತ್ತಿದ್ದ ಎತ್ತರದ ಗೋಡೆಗಳ ಅಂಗಳವಿದೆ. ಮೇ 3ರ ಬೆಳಗಿನ ಜಾವ ಪಿಯರ್ಸ್, ವೃದ್ಧನಾದ ಟಾಮ್ ಕ್ಲಾರ್ಕ್, ಕವಿಯೂ ಅಧ್ಯಾಪಕನೂ ಆದ ಥಾಮಸ್ ಮೆಕ್‌ಡೊನಾ ಈ ಮೂವರನ್ನು ಅಲ್ಲಿ ಗುಂಡಿಟ್ಟು ಕೊಂದರು. ಮರುದಿನ ನಾಲ್ವರು, ಅವರಲ್ಲಿ ಪಿಯರ್ಸ್‌ನ ತಮ್ಮ ವಿಲ್ಲಿಯೂ ಒಬ್ಬ. ಒಬ್ಬ ತಾಯಿ ಎರಡು ದಿನಗಳಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡಳು. ಮೇ 5ರಂದು ಒಬ್ಬ, 8ರಂದು ನಾಲ್ವರು, 12ರಂದು ಇಬ್ಬರು. ಹೀಗೆ ಹತ್ತು ದಿನಗಳಲ್ಲಿ ಹದಿನಾಲ್ಕು ಮಂದಿ.

ಮೇ 4ರಂದು ಪ್ರಾಣ ನೀಗಿದ ಜೋಸೆಫ್ ಪ್ಲಂಕೆಟ್ ಕ್ಷಯರೋಗಿ, ಕವಿ. ಹಿಂದಿನ ರಾತ್ರಿ ಸೆರೆಮನೆಯ ಪ್ರಾರ್ಥನಾಮಂದಿರದಲ್ಲಿ ಗ್ರೇಸ್ ಗಿಫರ್ಡ್ ಎಂಬ ಚಿತ್ರಕಲಾವಿದೆಯೊಡನೆ ಆತನ ವಿವಾಹವಾಯಿತು. ಸೈನಿಕರೇ ಸಾಕ್ಷಿಗಳು. ವಿವಾಹವಾದ ಮೇಲೆ ಕಾವಲಿನ ನಡುವೆ ಅವರಿಗೆ ದೊರೆತುದು ಹತ್ತೇ ನಿಮಿಷ. ಕೊನೆಯ ದಿನ ಕಾರ್ಮಿಕ ನಾಯಕ ಜೇಮ್ಸ್ ಕಾನಲಿಯ ಸರದಿ. ಕಾಲಿಗೆ ಗುಂಡು ತಗಲಿ ಆಸ್ಪತ್ರೆಯಲ್ಲಿದ್ದ ಆತನನ್ನು ಗಾಡಿಯಲ್ಲಿ ತಂದು, ನಿಲ್ಲಲಾರದವನನ್ನು ಕುರ್ಚಿಗೆ ಕಟ್ಟಿ ಗುಂಡು ಹಾರಿಸಿದರು. ಉಳಿದವರು ಬಿದ್ದ ಸ್ಥಳ ಅಂಗಳದ ಒಂದು ತುದಿಯಲ್ಲಿದ್ದರೆ, ಕಾನಲಿ ಬಿದ್ದುದು ಬಾಗಿಲ ಬಳಿಯ ಇನ್ನೊಂದು ತುದಿಯಲ್ಲಿ. ಇಂದು ಅಲ್ಲಿ ಎರಡು ಶಿಲುಬೆಗಳು ನಿಂತಿವೆ.

ಬೆಳಗಾದರೆ ಮತ್ತೆ ಯಾರ ಸುದ್ದಿಯೋ ಎಂದು ಕಾಯುತ್ತ ಹತ್ತು ದಿನ ಕಳೆದ ಜನರ ಮನಸ್ಸು ಪೂರ್ತಿಯಾಗಿ ತಿರುಗಿತು. ಏಪ್ರಿಲಿನಲ್ಲಿ ಹೀಯಾಳಿಸಿದ ನಗರ ಬೇಸಗೆ ಕಳೆಯುವುದರೊಳಗೆ ಅವರ ಚಿತ್ರಗಳನ್ನು ಮನೆಯಲ್ಲಿ ತೂಗುಹಾಕಿತು. 1918ರ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿಗಳ ಪಕ್ಷ ಐರ್ಲೆಂಡಿನ 105 ಸ್ಥಾನಗಳಲ್ಲಿ 73ನ್ನು ಗೆದ್ದಿತು.

ನಮ್ಮ ನಾಡಿಗೂ ನಂಟು

ಅದೇ ವರ್ಷಗಳಲ್ಲಿ ಡಬ್ಲಿನ್ನಿನಲ್ಲಿ ಭಾರತದ ತರುಣನೊಬ್ಬ ಕಾನೂನು ಓದುತ್ತಿದ್ದನು. ಮೆಕ್‌ಡೊನಾ ಅಧ್ಯಾಪಕನಾಗಿದ್ದ ಕಾಲೇಜು, ಕಾನಲಿ ಭಾಷಣ ಮಾಡುತ್ತಿದ್ದ ಬೀದಿಗಳು ಆತನಿಗೆ ಹೊಸದೊಂದು ಪಾಠ ಕಲಿಸಿದವು. 1913ರಲ್ಲಿ ಹೋದವನು 1916ರ ಬಂಡಾಯದ ಅನಂತರ ಐರ್ಲೆಂಡನ್ನು ಬಿಟ್ಟು ಊರಿಗೆ ಮರಳಬೇಕಾಯಿತು. ಇಲ್ಲಿ ರೈಲ್ವೆ ಕಾರ್ಮಿಕರ ಸಂಘಟನೆಗೆ ತೊಡಗಿದನು. ಆ ತರುಣನೇ ವಿ. ವಿ. ಗಿರಿ. ಅವರು 1960ರಿಂದ 1965ರ ವರೆಗೆ ಕೇರಳದ, ಅನಂತರ 1967ರ ವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು; 1969ರಲ್ಲಿ ರಾಷ್ಟ್ರಪತಿಗಳಾದರು. ಕಾಸರಗೋಡಿನ ಕನ್ನಡಿಗರು ಬಾಳುತ್ತಿರುವ ರಾಜ್ಯಕ್ಕೂ ಅವರ ನುಡಿಯ ತವರಿಗೂ ಒಬ್ಬರ ಮೇಲೊಬ್ಬರಂತೆ ರಾಜ್ಯಪಾಲರಾದವರು ಕಿಲ್ಮೇನಮ್ಮಿನ ಗುಂಡಿನ ಸದ್ದು ಮೊಳಗಿದ ನಗರದಲ್ಲಿ ಓದಿದವರೆಂಬುದು ಕಾಕತಾಳೀಯವಾದರೂ ನೆನೆಯತಕ್ಕ ಸಂಗತಿ.

ಪಾರ್ನೆಲ್ಲನ ರೈತರ ಕತೆ ಓದುವಾಗ ನಮ್ಮ ನೆಲದ್ದೇ ಆದ ಇನ್ನೊಂದು ಕತೆ ನೆನಪಾಗುತ್ತದೆ. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನಲ್ಲಿ 1941ರ ಮಾರ್ಚಿನಲ್ಲಿ ರೈತ ಚಳವಳಿಯ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸನೊಬ್ಬ ಹೊಳೆಯ ಪಾಲಾದನು. ಆ ಮೊಕದ್ದಮೆಯಲ್ಲಿ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಕಯ್ಯೂರಿನ ಈ ಮಲೆಯಾಳಿ ರೈತರ ಬಾಳನ್ನು ಕಾದಂಬರಿಯಾಗಿಸಿದವರು ಕನ್ನಡದ ನಿರಂಜನರು. 1955ರಲ್ಲಿ ಬಂದ ‘ಚಿರಸ್ಮರಣೆ’ಯೇ ಆ ಕೃತಿ. ಎರಡು ಭಾಷೆಗಳ ನಡುವಣ ಗಡಿ ನೆನಪಿಗೆ ಅಡ್ಡ ಬರಲಿಲ್ಲ.

ತಮ್ಮವರ ಮೇಲೆ ತಮ್ಮವರ ಗುಂಡು

ಕಿಲ್ಮೇನಮ್ಮಿನ ಕತೆ 1916ರಲ್ಲಿಯೇ ಮುಗಿದಿದ್ದರೆ ಅದನ್ನು ಹೇಳುವುದು ಸುಲಭವಾಗಿತ್ತು. ಆಂಗ್ಲರು ಕೊಂದರು, ಐರಿಷರು ಬಲಿಯಾದರು ಎನ್ನಬಹುದಿತ್ತು. ಆದರೆ 1921ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದ ದೇಶವನ್ನು ಒಡೆಯಿತು, ಒಡನಾಡಿಗಳನ್ನೂ ಒಡೆಯಿತು. ದೊರೆತಷ್ಟನ್ನು ಸ್ವೀಕರಿಸೋಣವೆಂದವರೂ ಪೂರ್ಣ ಗಣರಾಜ್ಯವೇ ಬೇಕೆಂದವರೂ 1922ರ ಜೂನಿನಲ್ಲಿ ಪರಸ್ಪರ ಕೋವಿಯೆತ್ತಿದರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಪಕ್ಷ ಹಿಡಿದುದುಂಟು.

ಆಗ ಕಿಲ್ಮೇನಮ್ಮಿನ ಬೀಗದ ಕೈ ಸ್ವತಂತ್ರ ಐರಿಷ್ ಸರಕಾರದ ಕೈಯಲ್ಲಿತ್ತು. 1922ರ ನವೆಂಬರ್ 17ರಂದು ಆ ಸರಕಾರ ಒಪ್ಪಂದದ ವಿರೋಧಿಗಳಾದ ನಾಲ್ವರು ತರುಣರನ್ನು ಇದೇ ಸೆರೆಮನೆಯಲ್ಲಿ ಗುಂಡಿಟ್ಟು ಕೊಂದಿತು. ಪಿಸ್ತೂಲು ಇಟ್ಟುಕೊಂಡಿದ್ದುದು ಅವರ ಅಪರಾಧ. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಅಂತರ್ಯುದ್ಧದಲ್ಲಿ ಸರಕಾರ ವಿಧಿಸಿದ ಮರಣದಂಡನೆಗಳಲ್ಲಿ ಇವೇ ಮೊದಲನೆಯವು. 1923ರಲ್ಲಿ ಮುನ್ನೂರಕ್ಕೂ ಹೆಚ್ಚು ಮಹಿಳೆಯರನ್ನು ಇಲ್ಲಿ ಬಂಧನದಲ್ಲಿರಿಸಿದರು. ಅವರಲ್ಲಿ ಗ್ರೇಸ್ ಗಿಫರ್ಡಳೂ ಒಬ್ಬಳು. ತಾನು ಮದುವೆಯಾದ, ಗಂಡ ಸತ್ತ ಕಟ್ಟಡದಲ್ಲಿಯೇ ಆತನ ಹಳೆಯ ಸಂಗಡಿಗರ ಸರಕಾರದ ಕೈದಿಯಾಗಿ ಆಕೆ ಕಾಲ ಕಳೆಯಬೇಕಾಯಿತು. ಕೋಣೆಯ ಗೋಡೆಯ ಮೇಲೆ ಆಕೆ ಬರೆದ ಮಾತೆ ಮೇರಿಯ ಚಿತ್ರ ಕಾಲಾಂತರದಲ್ಲಿ ಮಾಸಿತು. ಮುಂದೆ ಅದನ್ನು ಮರಳಿ ಬರೆಸಿ ಉಳಿಸಿಕೊಂಡಿದ್ದಾರೆ.

1924ರ ಜುಲೈಯಲ್ಲಿ ಇಲ್ಲಿಂದ ಬಿಡುಗಡೆಯಾದ ಕೊನೆಯ ಕೈದಿ ಎಮನ್ ಡಿ ವಲೇರಾ. 1916ರಲ್ಲಿ ಮರಣದಂಡನೆಗೆ ಗುರಿಯಾಗಿ, ಅದು ಕಡಿಮೆಯಾಗಿ ಬದುಕಿ ಉಳಿದವನು. ವೃತ್ತಿಯಲ್ಲಿ ಗಣಿತದ ಉಪಾಧ್ಯಾಯ.

ಶ್ರಮದಾನ

ಬಾಗಿಲು ಮುಚ್ಚಿದ ಮೇಲೆ ಕಟ್ಟಡ ಹಾಳುಬಿದ್ದಿತು. ಛಾವಣಿ ಕುಸಿಯಿತು, ಅಂಗಳದಲ್ಲಿ ಮರಗಳು ಬೆಳೆದವು, ಪಾರಿವಾಳಗಳು ಕೋಣೆಗಳನ್ನು ಹಿಡಿದವು. 1936ರಲ್ಲಿ ಸರಕಾರ ಅದನ್ನು ಕೆಡವಿಬಿಡುವ ಯೋಚನೆ ಮಾಡಿತು. ಕೆಡವಲು ತಗಲುವ ವೆಚ್ಚವೇ ವಿಪರೀತವೆಂದು ಕೈಬಿಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ ನಮ್ಮವರು. ಇಲ್ಲಿ ದೊಣ್ಣೆಗೇ ಹಣ ಸಾಲಲಿಲ್ಲ, ಕಟ್ಟಡ ಉಳಿಯಿತು.

1958ರಲ್ಲಿ ಲಾರ್ಕನ್ ಲೆನರ್ಡ್ ಎಂಬ ಎಂಜಿನಿಯರನೂ ಆತನ ಕೆಲವು ಗೆಳೆಯರೂ ಸೇರಿ ಒಂದು ಸಮಿತಿ ಕಟ್ಟಿದರು. ಸರಕಾರದ ಹಣಕ್ಕಾಗಿ ಕಾಯದೆ ಜನರ ದುಡಿಮೆಯಿಂದಲೇ ಸೆರೆಮನೆಯನ್ನು ದುರಸ್ತಿ ಮಾಡುವೆವೆಂದರು. ಕೂಲಿಯಿಲ್ಲದ ದುಡಿಮೆಯೆಂದರೆ ಕಾರ್ಮಿಕ ಸಂಘಗಳು ಆಕ್ಷೇಪಿಸಬಹುದೆಂಬ ಅಂಜಿಕೆಯಿತ್ತು, ಅವರೂ ಒಪ್ಪಿದರು. ಸರಕಾರ ವರ್ಷಕ್ಕೆ ಒಂದು ಪೆನ್ನಿಯ ಬಾಡಿಗೆಗೆ, ಐದು ವರ್ಷಗಳ ಮಟ್ಟಿಗೆ, ಕಟ್ಟಡವನ್ನು ವಹಿಸಿಕೊಟ್ಟಿತು. 1960ರ ಮೇ ತಿಂಗಳಲ್ಲಿ ಸುಮಾರು ಅರುವತ್ತು ಮಂದಿ ಗುದ್ದಲಿ ಹಾರೆಗಳನ್ನು ಹಿಡಿದು ಬಂದರು. ದಿನದ ಕೆಲಸ ಮುಗಿಸಿದ ಬಡಗಿಗಳು, ಗಾರೆಯವರು, ಗುಮಾಸ್ತರು ಸಂಜೆಯ ಹೊತ್ತೂ ರಜೆಯ ದಿನವೂ ಬಂದು ದುಡಿದರು. ಮರ ಕಡಿದರು, ಕಲ್ಲುಮಣ್ಣು ಹೊತ್ತರು, ಛಾವಣಿ ಹೊದಿಸಿದರು. ನಮ್ಮ ಊರುಗಳಲ್ಲಿ ಶಾಲೆಯ ಅಂಗಳವನ್ನು ಶ್ರಮದಾನದಿಂದ ಸಮಗೊಳಿಸಿದ ದಿನಗಳನ್ನು ನೆನೆದರೆ ಅದರ ಹುರುಪು ನಮಗೂ ಅರ್ಥವಾದೀತು.

1966ರ ಏಪ್ರಿಲ್ 10ರ ಈಸ್ಟರ್ ಭಾನುವಾರ, ಬಂಡಾಯದ ಐವತ್ತನೆಯ ವರ್ಷದಲ್ಲಿ, ವಸ್ತುಸಂಗ್ರಹಾಲಯವಾಗಿ ಅದರ ಬಾಗಿಲು ತೆರೆಯಿತು. ತೆರೆದವರು ಅಂದಿನ ಅಧ್ಯಕ್ಷ ಡಿ ವಲೇರಾ. ಆ ಸೆರೆಮನೆಯ ಕೊನೆಯ ಕೈದಿ. 1971ರಲ್ಲಿ ಪ್ರಾರ್ಥನಾಮಂದಿರದ ಜೀರ್ಣೋದ್ಧಾರವೂ ಮುಗಿಯಿತು. 1986ರಲ್ಲಿ ಸಮಿತಿ ಕಟ್ಟಡವನ್ನು ಸರಕಾರಕ್ಕೆ ಒಪ್ಪಿಸಿತು. 2016ರಿಂದ ಪಕ್ಕದ ಹಳೆಯ ನ್ಯಾಯಾಲಯದ ಕಟ್ಟಡವೂ ಅದರೊಡನೆ ಸೇರಿದೆ. ಹಿಂದೆ ಅಪರಾಧಿಗಳು ತೀರ್ಪು ಕೇಳಿದ ಮನೆಯ ಮೂಲಕವೇ ಇಂದು ಪ್ರೇಕ್ಷಕರು ಒಳಹೋಗುತ್ತಾರೆ.

ಯಾವುದನ್ನು ನೆನೆಯಬೇಕು?

ಆ ಸ್ವಯಂಸೇವಕರು ಕೆಲಸ ಆರಂಭಿಸುವಾಗ ತಮ್ಮೊಳಗೆ ಒಂದು ಕರಾರು ಮಾಡಿಕೊಂಡಿದ್ದರು. ಅಂತರ್ಯುದ್ಧದ ಮಾತನ್ನು ಮಾತ್ರ ಎತ್ತಕೂಡದು. ಕಾರಣವಿಲ್ಲದೆ ಅಲ್ಲ. ಎರಡೂ ಪಕ್ಷಗಳ ಮನೆತನಗಳವರು ಹೆಗಲಿಗೆ ಹೆಗಲು ಕೊಟ್ಟು ಕಲ್ಲು ಹೊರುತ್ತಿದ್ದರು. ನಾಲ್ವತ್ತು ವರ್ಷ ಕಳೆದಿದ್ದರೂ ಗಾಯ ಮಾದಿರಲಿಲ್ಲ. ಆ ಮಾತು ಬಂದರೆ ಕೆಲಸವೇ ನಿಲ್ಲುತ್ತಿತ್ತು. ಎಲ್ಲರೂ ಒಪ್ಪುವ 1916ನ್ನು ಮಾತ್ರ ಮುಂದಿಟ್ಟುಕೊಂಡು ಅವರು ಕಟ್ಟಿದರು.

ಅವರ ಮೌನವನ್ನು ನಾವು ತಪ್ಪೆಂದು ಹೇಳಲಾರೆವು. ಮಾತಿಗಿಂತ ಮೊದಲು ಗೋಡೆ ನಿಲ್ಲಬೇಕಾಗಿತ್ತು. ಆದರೆ ಗೋಡೆ ನಿಂತ ಮೇಲೆ ಅದು ಆ ಕರಾರಿಗೆ ಕಟ್ಟುಬೀಳಲಿಲ್ಲ. ಸೆರೆಯಾದ ಹೆಂಗಸರು ಗೋಡೆಯ ಮೇಲೆ ಗೀಚಿದ ಅಕ್ಷರಗಳು ಅಲ್ಲಿಯೇ ಇದ್ದವು. ನಾಲ್ವರು ತರುಣರು ಬಿದ್ದ ನೆಲ ಅಲ್ಲಿಯೇ ಇತ್ತು. ಹಸಿದು ಬಂದ ಸಾವಿರಾರು ಬಡವರ ಹೆಸರುಗಳು ಕಡತಗಳಲ್ಲಿ ಇದ್ದವು. ಇಂದು ಕಿಲ್ಮೇನಮ್ಮಿಗೆ ಹೋದವರಿಗೆ ವೀರರ ಕತೆಯೊಂದಿಗೆ ಅಂತರ್ಯುದ್ಧದ ಕತೆಯನ್ನೂ, ಬರಗಾಲದ ಮಕ್ಕಳ ಕತೆಯನ್ನೂ ಹೇಳುತ್ತಾರೆ. ಒಂದು ತಲೆಮಾರಿಗೆ ಹೇಳಲಾಗದುದನ್ನು ಕಟ್ಟಡ ತನ್ನ ಒಡಲಲ್ಲಿ ಕಾಯ್ದಿಟ್ಟುಕೊಂಡು ಮುಂದಿನ ತಲೆಮಾರಿಗೆ ಒಪ್ಪಿಸಿತು. 1936ರಲ್ಲಿ ಅದನ್ನು ಕೆಡವಿದ್ದರೆ ಮರೆಯಬೇಕೆಂದಿದ್ದುದರ ಜೊತೆಗೆ ನೆನೆಯಬೇಕಾದುದೂ ಮಣ್ಣುಗೂಡುತ್ತಿತ್ತು.

ನಮ್ಮ ಗಡಿನಾಡಿನಲ್ಲಿಯೂ ಹಳೆಯ ಕಟ್ಟಡಗಳಿವೆ. ತಾಲೂಕು ಕಚೇರಿಯ ಹಿಂದಿನ ಸಣ್ಣ ಬಂದೀಖಾನೆ, ಹೆಂಚು ಜಾರಿದ ಶಾಲೆ, ಹೊಳೆದಡದ ಸುಂಕದ ಕಟ್ಟೆ, ಬೀಗ ಜಡಿದ ವಾಚನಾಲಯ. ನೆನಪಿಟ್ಟುಕೊಳ್ಳತಕ್ಕದ್ದು ಅಲ್ಲೇನಿದೆ ಎಂದು ಕೇಳುವವರುಂಟು. ಅಲ್ಲಿ ನಡೆದುದನ್ನು ಹೇಳಲು ಸಂಕೋಚಪಡುವವರೂ ಉಂಟು. ಭಾಷೆಯ ಹೆಸರಿನಲ್ಲಿ, ಗಡಿಯ ಹೆಸರಿನಲ್ಲಿ ನಮ್ಮ ನಮ್ಮೊಳಗೆ ಆದ ಮನಸ್ತಾಪಗಳೂ ಅವುಗಳ ಗೋಡೆಗಳಿಗೆ ಗೊತ್ತು. ಎಲ್ಲವನ್ನೂ ಇಂದೇ ಬಿಚ್ಚಿ ಹೇಳಬೇಕೆಂದಿಲ್ಲ. ಗೋಡೆಯನ್ನು ಬೀಳಲು ಬಿಡದಿದ್ದರೆ ಸಾಕು. ಮನೆಯ ಹಿರಿಯರನ್ನು ಕೇಳಿ, ಯಾವ ಕಟ್ಟಡ ಯಾವಾಗ ಕಟ್ಟಿದ್ದು, ಯಾರು ಕಲ್ಲು ಹೊತ್ತರು, ಒಳಗೆ ಏನು ನಡೆಯಿತು ಎಂಬುದನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮನೆಯ ಮಕ್ಕಳಿಗೆ ಈ ರಜೆಯಲ್ಲಿಯೇ ಒಪ್ಪಿಸಬಹುದು. ಕನ್ನಡದಲ್ಲಿ ಬರೆಯಲಿ, ಅಕ್ಷರ ತಪ್ಪಿದರೆ ತಿದ್ದಲು ನಾವು ಉಪಾಧ್ಯಾಯರಿದ್ದೇವೆ.